ಬೀದರ್ ಸಮ್ಮೇಳನಕ್ಕೆ ಹೋಗಿ ಬಂದದ್ದು: 6 ನಿಮಿಷದ ಮಾತಿಗೆ 3 ತಿಂಗಳ ಓಡಾಟ

ಟಿ.ಎ. ಬಿಲ್ಲು, ಅಂದರೆ ಪ್ರಯಾಣದ ಖರ್ಚಿನ ಬಿಲ್ಲು, ನಿನ್ನೆ ಎರಡನೇ ಸಲ ವಾಪಸ್ ಬಂತು. ಯಾಕೆ ಬಂತು ಅಂತ ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ಮುಂದೆ ಯಾರಾದರೂ ಮೊದಲ ಸಲ ದೂರದ ಊರಿನ ಸಮ್ಮೇಳನಕ್ಕೆ ಪ್ರಬಂಧ ಓದಲು ಹೊರಟರೆ, ನಾನು ಎಡವಿದ ಕಡೆ ಅವರು ಎಡವದಿರಲಿ ಅಂತ.

ನಾನು ಮೈಸೂರಿನವಳು. ಅಂತರ್ಜಲದ ಮೇಲೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಕಿರಿಯ ವಿಜ್ಞಾನಿ. ಬಾವಿ ನೀರಿಗೆ ನೈಟ್ರೇಟ್ ಅನ್ನುವ ಲವಣ ಎಲ್ಲಿಂದ ಸೇರುತ್ತದೆ ಅನ್ನುವುದು ನನ್ನ ವಿಷಯ. ಡಿಸೆಂಬರ್‌ನಲ್ಲಿ ಬೀದರ್‌ನಲ್ಲಿ 2 ದಿನದ ಅಂತರ್ಜಲ ಸಮ್ಮೇಳನ ಇತ್ತು. ಒಬ್ಬಳೇ ಹೋಗಿದ್ದೆ. ಕಲಬುರಗಿ ಆಚೆಗೆ ಕಾಲಿಟ್ಟಿದ್ದೂ ಅದೇ ಮೊದಲು.

ಸೆಪ್ಟೆಂಬರ್‌ನಲ್ಲಿ ಸಾರಾಂಶ ಕಳಿಸಿದ್ದೆ. ಒಪ್ಪಿಗೆಯ ಮೇಲ್ ಸ್ಪ್ಯಾಮ್ ಪೆಟ್ಟಿಗೆಯಲ್ಲಿ 9 ದಿನ ಬಿದ್ದಿತ್ತು. ದಯವಿಟ್ಟು ದಿನಾ ಒಮ್ಮೆ ಅಲ್ಲಿ ಇಣುಕಿ ನೋಡಿ. ನೋಂದಣಿ ಶುಲ್ಕ 3,000 ರೂಪಾಯಿ, ಗಡುವು ದಾಟಿದರೆ 4,000. ನಮ್ಮಲ್ಲಿ ಶುಲ್ಕ ವಾಪಸ್ ಸಿಗಬೇಕಾದರೆ ಮೊದಲು ಅನುಮತಿ ಆದೇಶ ಆಗಬೇಕು. ಆದೇಶಕ್ಕೆ ಒಪ್ಪಿಗೆ ಪತ್ರ, ಬ್ರೋಷರ್, ಸಾರಾಂಶದ ಪ್ರತಿ, ಮೇಲಧಿಕಾರಿಯ ಷರಾ, ಇಷ್ಟೂ ಬೇಕು. ಎಲ್ಲಾ ಕೊಟ್ಟೆ. ಆದರೂ ಫೈಲು ಒಂದೇ ಮೇಜಿನ ಮೇಲೆ 19 ದಿನ ಕೂತಿತು. ಕೇಳಿದಾಗ ಗೊತ್ತಾಯಿತು: ಒಪ್ಪಿಗೆ ಪತ್ರದಲ್ಲಿ ‘ಪ್ರಬಂಧವನ್ನು ಒಪ್ಪಿಕೊಳ್ಳಲಾಗಿದೆ’ ಅಂತ ಮಾತ್ರ ಇತ್ತು, ‘ವೇದಿಕೆಯ ಮೇಲೆ ಮಂಡಿಸಲು’ ಅಂತ ಇರಲಿಲ್ಲ. ಪೋಸ್ಟರ್ ಅಂಟಿಸಿ ಬರೋದಾದರೆ ಅಷ್ಟು ದೂರ ಯಾಕೆ ಹೋಗಬೇಕು ಅನ್ನುವುದು ಅವರ ಪ್ರಶ್ನೆ. ಒಂದು ಸಾಲಿಗೋಸ್ಕರ ಬೀದರ್‌ಗೆ ನಾಲ್ಕು ಸಲ ಫೋನ್ ಮಾಡಿ, ಹೊಸ ಪತ್ರ ತರಿಸಿಕೊಂಡೆ. ಅಷ್ಟರಲ್ಲಿ ಗಡುವು ಮುಗಿದಿತ್ತು. ಹೆಚ್ಚಿನ 1,000 ರೂಪಾಯಿ ನನ್ನ ಕೈಯಿಂದಲೇ ಹೋಯಿತು.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದಿದೆ. ಗಡಿಬಿಡಿಯಲ್ಲಿ ನನ್ನ ಯುಪಿಐ ಕೈಕೊಟ್ಟಿತು. ತಮ್ಮ ಪಕ್ಕದಲ್ಲೇ ಇದ್ದ. ಅವನ ಫೋನಿನಿಂದ ಕಟ್ಟಿದೆ. ದುಡ್ಡು ಹೋಯಿತು ಅಂತ ಸಮಾಧಾನಪಟ್ಟುಕೊಂಡು ಮರೆತೇಬಿಟ್ಟೆ. ಎಷ್ಟೇ ಅವಸರ ಇರಲಿ, ನಿಮ್ಮ ಹೆಸರಿನ ಖಾತೆಯಿಂದಲೇ ಕಟ್ಟಿ. ಇದರ ಫಲ ಮುಂದೆ ಬರುತ್ತೆ.

ಬೆಂಗಳೂರಿನಿಂದ ಬೀದರ್ ಹತ್ತಿರ ಹತ್ತಿರ 700 ಕಿಲೋಮೀಟರ್. ನೇರ ರೈಲಿನಲ್ಲಿ ಟಿಕೆಟ್ ಸಿಗಲಿಲ್ಲ. ಕಲಬುರಗಿವರೆಗೆ ರಾತ್ರಿ ರೈಲು, ಅಲ್ಲಿಂದ ಬಸ್ಸು ಅಂತ ಮಾಡಿಕೊಂಡೆ. ಹಾಗಾಗಿದ್ದು ಒಳ್ಳೆಯದೇ ಆಯಿತು. ಕಲಬುರಗಿ ಬಸ್ ನಿಲ್ದಾಣದಲ್ಲಿ ಸುಸ್ಲಾ, ಜೊತೆಗೆ ಬಿಸಿ ಮಿರ್ಚಿ ತಿಂದು ಬಸ್ ಹತ್ತಿದೆ. ಆಧಾರ್ ತೋರಿಸಿದೆ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟರು. ಅದನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟೆ. ಕಮಲಾಪುರದಲ್ಲಿ ಬಸ್ ನಿಂತಾಗ ಕಿಟಕಿಯಿಂದಲೇ ಅಲ್ಲಿನ ಕೆಂಪು ಬಾಳೆಹಣ್ಣು ತಗೊಂಡೆ. ದಾರಿಯುದ್ದಕ್ಕೂ ಕರಿ ಮಣ್ಣು, ಒಣಗಿ ನಿಂತ ತೊಗರಿ. ಹುಮನಾಬಾದ್ ದಾಟಿದ ಮೇಲೆ ಎಲ್ಲೋ ಒಂದು ಕಡೆ ಕಣ್ಣು ಬಿಟ್ಟು ನೋಡಿದರೆ ಮಣ್ಣು ಕೆಂಪಾಗಿತ್ತು. ಬಸ್ಸಿನಲ್ಲಿ ಯಾರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ನನಗೆ ಮಾತ್ರ ಎದ್ದು ನಿಂತು ನೋಡೋಣ ಅನಿಸಿತು.

ಯಾಕೆ ಅಂದರೆ, ಬೀದರ್ ಊರು ಕೂತಿರುವುದೇ ಒಂದು ಕೆಂಪು ಕಲ್ಲಿನ ಹಲಗೆಯ ಮೇಲೆ. ಕರಾವಳಿಯವರು ಮುರಕಲ್ಲು ಅನ್ನುತ್ತಾರಲ್ಲ, ಅದೇ ಜಂಬಿಟ್ಟಿಗೆ ಕಲ್ಲು, ಲ್ಯಾಟರೈಟ್. ಅದರ ಕೆಳಗೆ ದಖನ್ನಿನ ಕರಿ ಕಲ್ಲು, ಬಸಾಲ್ಟ್. ಪಾಠದಲ್ಲಿ ಓದಿದ್ದೆ, ನಕ್ಷೆಯಲ್ಲಿ ಬಣ್ಣ ತುಂಬಿದ್ದೆ. ಕಣ್ಣಾರೆ ನೋಡಿರಲಿಲ್ಲ.

ಇನ್ನೊಂದು ಮಾತು, ಸ್ವೆಟರ್ ಒಯ್ಯಿರಿ. ಕಲ್ಯಾಣ ಕರ್ನಾಟಕ ಅಂದರೆ ಬಿಸಿಲು ಅಂತ ತಿಳಿದು ಬರೀ ಹತ್ತಿ ಬಟ್ಟೆ ತುಂಬಿಕೊಂಡು ಹೋಗಿದ್ದೆ. ಬೀದರ್ 600 ಮೀಟರ್‌ಗಿಂತ ಎತ್ತರದಲ್ಲಿದೆ, ಡಿಸೆಂಬರ್ ಚಳಿ ಮೂಳೆಗೇ ಇಳಿಯುತ್ತೆ. ಲಾಡ್ಜಿನಲ್ಲಿ ದಿನಕ್ಕೆ 1,100 ರೂಪಾಯಿ ಕೊಟ್ಟು ಬಿಸಿನೀರಿಗೆ ಅರ್ಧ ಗಂಟೆ ಕಾದೆ. ಸಂಜೆಯೇ ಬಜಾರಿಗೆ ಹೋಗಿ 450 ರೂಪಾಯಿಯ ಶಾಲು ತಂದೆ. ಅದನ್ನು ಟಿ.ಎ. ಬಿಲ್ಲಿಗೆ ಹಾಕಲು ಬರುವುದಿಲ್ಲ, ಕೇಳಿ ನೋಡಿದ್ದೇನೆ.

ಸಮ್ಮೇಳನದ ಬೆಳಗ್ಗೆ 8:30ಕ್ಕೇ ಹೋಗಿ ನೋಂದಣಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಮೇಲಿಂದ ಕೆಳಗೆ ಮೂರು ಸಲ ನೋಡಿದರು. ಆಮೇಲೆ ನಾನೇ ಹಾಳೆ ಈಸಿಕೊಂಡು ನೋಡಿದರೆ, ಅಲ್ಲಿ ತಮ್ಮನ ಹೆಸರಿತ್ತು. ದುಡ್ಡು ಯಾರ ಖಾತೆಯಿಂದ ಬಂದಿದೆಯೋ ಅವರನ್ನೇ ಪಟ್ಟಿಗೆ ಸೇರಿಸಿದ್ದರು. ಚೀಲ, ಪೆನ್ನು, ಕುತ್ತಿಗೆಗೆ ಹಾಕುವ ಬ್ಯಾಡ್ಜು, ಎಲ್ಲಾ ಮೈಸೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಮ್ಮನಿಗೆ!

ಮೇಜಿನ ಹಿಂದಿದ್ದ ಹುಡುಗ ಒಳ್ಳೆಯವನು. ಬ್ಯಾಡ್ಜ್ ತಿರುಗಿಸಿ ಹಿಂದಿನ ಬಿಳಿ ಬದಿಯಲ್ಲಿ ನನ್ನ ಹೆಸರು ಬರೆದುಕೊಟ್ಟ. ರಸೀತಿ ಮಾತ್ರ ಬದಲಾಯಿಸಲು ಅವನ ಕೈಯಲ್ಲಿರಲಿಲ್ಲ. ಪ್ರಮಾಣಪತ್ರದ ಬಗ್ಗೆ ಕೇಳಿದೆ. ಸಹಿ, ಸೀಲು ಬಿದ್ದ ಖಾಲಿ ಪ್ರಮಾಣಪತ್ರ ಒಂದನ್ನು ಕಟ್ಟಿನಿಂದ ಎಳೆದು, “ತಗೋರಿ ಮೇಡಂ, ಹೆಸರ ನೀವೇ ಬರಕೊಳ್ರಿ” ಅಂತ ಕೈಗಿಟ್ಟ. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗೆ ಆಗ ಇರಲಿಲ್ಲ. ಚೀಲದೊಳಗೆ ಸೇರಿಸಿದೆ.

10ಕ್ಕೆ ಶುರುವಾಗಬೇಕಿದ್ದ ಉದ್ಘಾಟನೆ 11:40ಕ್ಕೆ ಶುರುವಾಯಿತು. ದೀಪ, ಶಾಲು, ಹಾರ, ನೆನಪಿನ ಕಾಣಿಕೆ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ನೋಡಿದ್ದೇ. ಆದರೆ ಅದರ ಪೆಟ್ಟು ನಮ್ಮಂಥ ಕಿರಿಯರ ಮೇಲೆ ಬೀಳುತ್ತೆ. 12 ಗಂಟೆಗೆ ಇದ್ದ ನನ್ನ ಸರದಿ ಸಂಜೆ 4:40ಕ್ಕೆ ಹೋಯಿತು. 12 ನಿಮಿಷದ ಮಾತು 6 ನಿಮಿಷಕ್ಕೆ ಇಳಿಯಿತು. ಹೋಗುವಾಗಲೇ ಉದ್ದದ್ದು, ಗಿಡ್ಡದ್ದು ಅಂತ ಎರಡು ಸ್ಲೈಡ್ ಕಟ್ಟು ಮಾಡಿಟ್ಟುಕೊಳ್ಳಿ. ಪಿಡಿಎಫ್ ಪ್ರತಿಯೂ ಇರಲಿ. ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ನಕ್ಷೆಯ ಮೇಲಿನ ಕನ್ನಡ ಹೆಸರುಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕಂಡವು. ಪಿಡಿಎಫ್ ಇದ್ದದ್ದರಿಂದ ಬಚಾವಾದೆ.

ಊಟ ಮಾತ್ರ ಚೆನ್ನಾಗಿತ್ತು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು. ಊಟದ ಸಾಲಿನಲ್ಲಿ ಕಲಬುರಗಿಯಿಂದ ಬಂದಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಪರಿಚಯವಾದಳು. ನನ್ನ ಮುಖ ನೋಡಿ, “ಅಕ್ಕಾ, ನಿಮ್ಮ ಪಾಳಿ 4:40ಕ್ಕ ಅದ. ಇಲ್ಲಿ ಕುಂತ ಏನ್ ಮಾಡ್ತೀರಿ? ನಡೀರಿ, ಮದರಸಾ, ಕಿಲ್ಲಾ ನೋಡ್ಕೊಂಡ ಬರಮು” ಅಂದಳು. ಗೋಷ್ಠಿಯ ಅಧ್ಯಕ್ಷರಿಗೆ ಹೇಳಿ ಹೊರಟೆವು. ಹೇಳದೆ ಹೋಗಬೇಡಿ. ಯಾರೋ ಇಬ್ಬರು ಬರದಿದ್ದರೆ ನಿಮ್ಮ ಸರದಿ ಮುಂದಕ್ಕೆ ಬಂದುಬಿಡುತ್ತೆ.

ಮಹಮೂದ್ ಗವಾನನ ಮದರಸಾ, ಊರ ನಡುವಿನ ಹಳೇ ಗೋಪುರ ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲೇ ಇದೆ. 1472ರದು. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿಗಳ ಮಂತ್ರಿಯಾದವನು ಕಟ್ಟಿಸಿದ ಕಾಲೇಜು. ಮೂರು ಅಂತಸ್ತು. ಎದುರಿನ ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಹೆಂಚಿನ ಚೂರು ಇನ್ನೂ ಅಂಟಿಕೊಂಡಿವೆ. ಒಂದೇ ಮಿನಾರು ಉಳಿದಿದೆ. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತಂತೆ. ಕಾಲೇಜಿನಲ್ಲಿ ಮದ್ದು ತುಂಬಿಟ್ಟವರಿಗೆ ಏನು ಹೇಳೋಣ!

ಹುಡುಗಿ ಗವಾನನ ಕಥೆ ಹೇಳಿದಳು. ಆಗದವರು ಅವನ ಮುದ್ರೆ ನೋಡಿಕೊಳ್ಳುತ್ತಿದ್ದವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಅವನ ತಲೆ ಹೋಯಿತು. ನನ್ನ ಚೀಲದಲ್ಲಿ ಸಹಿ, ಸೀಲು ಎರಡೂ ಇರುವ ಖಾಲಿ ಹಾಳೆ ನೆನಪಾಗಿ ನಗು ಬಂತು. ಅವಳಿಗೆ ತೋರಿಸಿದೆ. ಇಬ್ಬರೂ ಆ ಅಂಗಳದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಆ ಹಾಳೆ ವಾಪಸ್ ಕೊಟ್ಟು, ಹೆಸರು ಅಚ್ಚು ಹಾಕಿದ ಇನ್ನೊಂದನ್ನು ಈಸಿಕೊಂಡೆ. ನೀವೂ ಹಾಗೇ ಮಾಡಿ. ಲೆಕ್ಕಪತ್ರದವರು ಕೈಬರಹ ನೋಡಿದರೆ ಮೊದಲು ಹುಬ್ಬೇರಿಸುತ್ತಾರೆ.

ಕೋಟೆಯಲ್ಲಿ ನನಗೆ ಅರಮನೆಗಳಿಗಿಂತ ಕಂದಕ ಹಿಡಿಸಿತು. ದಕ್ಷಿಣದ ಕಡೆ ಒಂದರ ಪಕ್ಕ ಒಂದು, ಮೂರು ಕಂದಕ. ಮಣ್ಣು ಅಗೆದು ಮಾಡಿದ್ದಲ್ಲ, ಕಲ್ಲು ಕೊರೆದು ಮಾಡಿದ್ದು. ಎರಡು ಕಂದಕದ ನಡುವೆ ಬಿಟ್ಟ ಗೋಡೆಯೂ ಅದೇ ಹಾಸುಕಲ್ಲು. ಇದು ಹೇಗೆ ಸಾಧ್ಯ ಅಂದರೆ, ಜಂಬಿಟ್ಟಿಗೆ ಕಲ್ಲು ನೆಲದೊಳಗೆ ಇರುವಾಗ ಮೆತ್ತಗಿರುತ್ತೆ, ಗುದ್ದಲಿ, ಉಳಿಗೆ ಬಗ್ಗುತ್ತೆ. ಹೊರಗೆ ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. 1430ರ ಸುಮಾರಿಗೆ ಅಹಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ, ಅಗೆಯಲು ಸುಲಭ ಕಟ್ಟಲು ಗಟ್ಟಿ ಅನ್ನುವಂಥ ಕಲ್ಲು ಕಾಲಡಿಯಲ್ಲೇ ಸಿಕ್ಕಿತ್ತು. ಕಂದಕ ಕಡಿದ ಕಲ್ಲೇ ಗೋಡೆಗೆ ಹೋಗಿರಬೇಕು ಅಂತ ನನಗನಿಸಿತು. ಗೋಡೆ ಮುಟ್ಟಿ ನೋಡಿದೆ. ಜೇನುಗೂಡಿನ ಹಾಗೆ ತೂತು ತೂತು.

ರಂಗೀನ್ ಮಹಲಿಗೆ ಬೀಗ ಇರುತ್ತೆ. ಅಲ್ಲೇ ಇರುವ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ ತೆಗೆದು ತೋರಿಸುತ್ತಾರೆ. ಕರಿ ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡದೆ ಬರಬೇಡಿ. ನಮಗೆ ಅಲ್ಲಿ ಸಿಕ್ಕಿದ್ದು ಹತ್ತೇ ನಿಮಿಷ. ಆಟೋದವನಿಗೆ ಹೋಗಿ ಬರಲು, ಕಾಯಲು ಸೇರಿ 300 ರೂಪಾಯಿ ಮಾತಾಡಿಕೊಂಡಿದ್ದೆವು. ಕಾಲಿನ ತುಂಬ ಕೆಂಪು ಧೂಳು ಮೆತ್ತಿಕೊಂಡು 4:25ಕ್ಕೆ ಸಭಾಂಗಣ ಸೇರಿದೆವು.

ಅಲ್ಲಿ ನೋಡಿದರೆ ಬೇರೆಯೇ ಕಥೆ. ದೊಡ್ಡವರೆಲ್ಲ ಹೋಗಿಬಿಟ್ಟಿದ್ದರು. ಹಿಂದಿನ ಸಾಲುಗಳಲ್ಲಿ ಸುಮಾರು ನಲವತ್ತು ರೈತರು, ಹೆಂಗಸರೂ ಇದ್ದರು. ಹಳ್ಳಿಗಳಿಂದ ಕರೆಸಿದವರು, ಅವರ ಗಾಡಿ ಬರುವುದು 5:30ಕ್ಕೆ, ಅದಕ್ಕೇ ಉಳಿದಿದ್ದರು. ಅಧ್ಯಕ್ಷರು ಮೈಕಿನಲ್ಲಿ, “ಇನ್ನು ಉಳಿದ ಮೂವರು ಕನ್ನಡದಲ್ಲೇ ಹೇಳ್ರಿ, ಕುಂತವರಿಗೆ ತಿಳೀಲಿ” ಅಂದರು.

ನನ್ನ ಎದೆ ಧಸಕ್ ಅಂತು. ಕನ್ನಡ ನನ್ನ ಮನೆಮಾತು. ಆದರೆ ಈ ವಿಷಯವನ್ನು ಒಂದು ದಿನವೂ ಕನ್ನಡದಲ್ಲಿ ಹೇಳಿದವಳಲ್ಲ. ನೆಲದೊಳಗೆ ನೀರು ಹಿಡಿದಿಡುವ ಪದರ ಅಕ್ವಿಫರ್, ಅದಕ್ಕೆ ಏನನ್ನಲಿ? ಪುಸ್ತಕದಲ್ಲಿ ‘ಜಲಧರ’ ಅಂತ ಇದೆ. ಹೇಳಿದೆ. ಯಾರ ಮುಖವೂ ಅಲ್ಲಾಡಲಿಲ್ಲ. ನೀರು ಮತ್ತೆ ನೆಲಕ್ಕೆ ಇಂಗುವುದಕ್ಕೆ ‘ಜಲಮರುಪೂರಣ’ ಅಂದೆ. ಮುಂದಿನ ಸಾಲಿನ ಹಿರಿಯರೊಬ್ಬರು ಆಕಳಿಸಿದರು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು, ದಾಟಿದರೆ ಎಳೆ ಮಕ್ಕಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಮ್ಮಿಯಾಗುತ್ತೆ, ಮೈ ನೀಲಿಗಟ್ಟುತ್ತೆ ಅಂದಾಗ ಒಂದಿಬ್ಬರು ತಲೆ ಎತ್ತಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. 6 ನಿಮಿಷ. 3 ತಿಂಗಳು ಓಡಾಡಿದ್ದು ಇದಕ್ಕೆ.

ಪ್ರಶ್ನೆ ಇವೆಯಾ ಅಂದರು. ಸೆರಗು ಹೊದ್ದ ಹೆಂಗಸೊಬ್ಬರು ಕೂತಲ್ಲಿಂದಲೇ ಕೇಳಿದರು: “ಆ ವಿಷ ನೀರ ಕುದಿಸಿದ್ರ ಹೋಗ್ತದೇನ್ರಿ ಬಾಯಾರ?”

ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಉಪ್ಪಿನ ಹಾಗೆ ಕರಗಿದ್ದು. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತೆ. ಸಾರು ಕುದಿಸಿ ಬತ್ತಿಸಿದರೆ ಉಪ್ಪಾಗುವುದಿಲ್ಲವಾ, ಹಾಗೆ. ಇಷ್ಟು ಹೇಳುವ ಹೊತ್ತಿಗೆ ಸಭೆ ಮೊದಲ ಸಲ ನನ್ನ ಕಡೆ ನೋಡಿತು. ಆ ತಾಯಿ ಪಕ್ಕದವರಿಗೆ, “ನೋಡ್, ನಾ ಕೂಸಿಗೆ ಕುದಿಸಿ ಕುದಿಸಿ ಕೊಡ್ಲಿಕತ್ತಿದ್ದೆ” ಅಂದದ್ದು ಮೈಕಿಲ್ಲದೆಯೇ ನನಗೆ ಕೇಳಿಸಿತು. ಅವರ ಊರಿನ ಬಾವಿಯಲ್ಲಿ ನೈಟ್ರೇಟ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಪಂಚಾಯಿತಿಯ ಮೂಲಕ ನೀರು ಪರೀಕ್ಷೆಗೆ ಕೊಡಿ, ಕೂಸಿಗೆ ಅಲ್ಲಿವರೆಗೆ ಬೇರೆ ನೀರು ಬಳಸಿ ಅಂತ ಹೇಳಿದೆ. ನನ್ನ 14 ಸ್ಲೈಡುಗಳಲ್ಲಿ ಕುದಿಸುವ ಮಾತು ಒಂದು ಕಡೆಯೂ ಇರಲಿಲ್ಲ.

ಸಂಜೆ ಮನಸ್ಸು ಸರಿ ಇರಲಿಲ್ಲ. ಆ ಹುಡುಗಿ ನಾನಕ್ ಝೀರಾ ಗುರುದ್ವಾರಕ್ಕೆ ಕರೆದುಕೊಂಡು ಹೋದಳು. 16ನೇ ಶತಮಾನದ ಶುರುವಿನಲ್ಲಿ ಗುರು ನಾನಕರು ಇಲ್ಲಿಗೆ ಬಂದಿದ್ದರು, ಸಿಹಿನೀರಿಲ್ಲದೆ ಜನ ಗೋಳಾಡುತ್ತಿದ್ದಾಗ ಕಾಲಿನಿಂದ ಕಲ್ಲು ಸರಿಸಿದರು, ನೀರು ಚಿಮ್ಮಿತು ಅನ್ನುತ್ತಾರೆ. ನೀರು ಈಗಲೂ ಬರುತ್ತಿದೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಚಪ್ಪಲಿ ಬಿಡಬೇಕು. ಲಂಗರಿನಲ್ಲಿ ದಾಲ್, ರೊಟ್ಟಿ ಊಟ, ಯಾರಾದರೂ ಕೂರಬಹುದು, ದುಡ್ಡು ಕೇಳುವವರಿಲ್ಲ. ಚೀಲದಲ್ಲಿ ನನ್ನ ಟಿಡಿಎಸ್ ಪೆನ್ ಇತ್ತು, ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ತೋರಿಸುತ್ತೆ. ಅಮೃತ ಕುಂಡದ ಮುಂದೆ ಜನ ಕಣ್ಣು ಮುಚ್ಚಿ ನಿಂತಿದ್ದರು. ಪೆನ್ ತೆಗೆಯಲು ಮನಸ್ಸು ಬರಲಿಲ್ಲ. ಬೊಗಸೆಯಲ್ಲಿ ಕುಡಿದು ಬಂದೆ.

ಮರುದಿನ ಬೆಳಗ್ಗೆ 6:30ಕ್ಕೆ ಒಬ್ಬಳೇ ಬೀದರ್ ಅಂಚಿನ ನೌಬಾದಿಗೆ ಹೋದೆ, ಅಲ್ಲಿನ ಕರೇಜ್ ನೋಡಲು. ಆಟೋ 150 ರೂಪಾಯಿ. ಚಾಲಕನಿಗೆ ಕರೇಜ್ ಅಂದರೆ ತಿಳಿಯಲಿಲ್ಲ, ಸುರಂಗ ಬಾವಿ ಅಂದ ಕೂಡಲೇ “ಹಂಗ ಹೇಳ್ರೀ ಮತ್ತ” ಅಂದ. ನೀವೂ ಸುರಂಗ ಬಾವಿ ಅಂತಲೇ ಕೇಳಿ.

ಇದು ಬಹಮನಿಗಳ ಕಾಲದ ನೀರಿನ ವ್ಯವಸ್ಥೆ. ಮೂಲ ಪರ್ಷಿಯಾದ್ದು, ಅಲ್ಲಿ ಕನಾತ್ ಅನ್ನುತ್ತಾರೆ. ಎತ್ತರದ ಕಡೆ ನೀರು ಸಿಗುವವರೆಗೆ ಒಂದು ತಾಯಿಬಾವಿ. ಅಲ್ಲಿಂದ ತಗ್ಗಿನ ಕಡೆಗೆ ನೆಲದೊಳಗೆ ಉದ್ದಕ್ಕೂ ಸುರಂಗ, ಬಹಳ ಸಣ್ಣ ಇಳಿಜಾರು. ನಡುನಡುವೆ ಮೇಲಿನಿಂದ ಬಾವಿಯ ಹಾಗೆ ತೂತು, ಅಗೆಯುವಾಗ ಮಣ್ಣು ಎತ್ತಲು, ಗಾಳಿಗೆ, ಆಮೇಲೆ ನೀರು ಸೇದಲು. ನೀರು ತಾನಾಗಿಯೇ ಹರಿದು ಬರುತ್ತೆ. ಮೋಟಾರಿಲ್ಲ, ಕರೆಂಟಿಲ್ಲ. ನೌಬಾದಿನದು 2 ಕಿಲೋಮೀಟರ್‌ಗೂ ಉದ್ದ, ಇಪ್ಪತ್ತರಷ್ಟು ಬಾವಿಬಾಯಿಗಳಿವೆ. ಹೂಳಿನಲ್ಲಿ ಮುಚ್ಚಿಹೋಗಿದ್ದದ್ದನ್ನು ಈಚೆಗೆ ತೆಗೆಸಿದ್ದಾರೆ. ಕೇರಳದ ಭೂಗೋಳ ತಜ್ಞ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಈ ಸುರಂಗದ ನಕ್ಷೆ ಮಾಡಿದ್ದಾರೆ, ನಾನು ಅದನ್ನು ಓದಿಕೊಂಡೇ ಹೋಗಿದ್ದೆ.

ಬಾವಿಬಾಯಿಯೊಂದರಲ್ಲಿ ಬಗ್ಗಿ ನೋಡುತ್ತಿದ್ದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತರು. ಕಂಬಳಿ ಹೊದ್ದಿದ್ದರು. “ಬಿದ್ದೀ ತಂಗಿ, ಹಿಂದ ಸರಿ. ಎಲ್ಲಿಂದ ಬಂದೀ?” ಮೈಸೂರು ಅಂದೆ. “ಅಲ್ಲಿಂದ ಭಾವಿ ನೋಡ್ಲಿಕ್ಕ ಬಂದ್ಯಾ!”

ನಾನು ಬೇಕೆಂದೇ ಕೇಳಿದೆ, ಅಜ್ಜ, ಈ ನೀರು ಎಲ್ಲಿಂದ ಬರುತ್ತೆ?

“ಮಳೀದು. ಮತ್ತೆಲ್ಲಿಂದ ಬರಬೇಕು? ಕೆಂಪ ಕಲ್ಲ ನೀರ ಕುಡೀತದ. ತಳದಾಗ ಜಿಗಟ ಮಣ್ಣ ಅದ, ಅದರ ಕೆಳಗ ಕರೀ ಕಲ್ಲ. ಅದು ಕುಡಿಯಂಗಿಲ್ಲ. ಕುಡೀಲಿಲ್ಲಂದ್ರ ನೀರ ಎಲ್ಲಿ ಹೋಗಬೇಕು? ಅಡ್ಡ ಬರ್ತದ.”

ನಾನು ಸುಮ್ನೆ ನಿಂತುಬಿಟ್ಟೆ. ತೂತು ತೂತಾದ ಜಂಬಿಟ್ಟಿಗೆ ಮಳೆನೀರನ್ನು ಇಳಿಸಿಕೊಳ್ಳುತ್ತದೆ, ಅದರ ತಳದ ಜೇಡಿ ಪದರ ಮತ್ತು ಬಸಾಲ್ಟ್ ಅದನ್ನು ತಡೆಯುತ್ತವೆ, ನೀರು ಪಕ್ಕಕ್ಕೆ ಸರಿದು ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಝೀರಾ, ನೀರು ತುಂಬಿದ ಗುಹೆಯೊಳಗಿನ ದೇವಸ್ಥಾನ ನರಸಿಂಹ ಝರಣಿ, ಈ ಸುರಂಗ, ಎಲ್ಲದರ ಗುಟ್ಟೂ ಇದೇ. ನಾನಾಗಿದ್ದರೆ ಇದಕ್ಕೆ ಮೂರು ಸ್ಲೈಡು ಮಾಡುತ್ತಿದ್ದೆ.

ಈಗ ಕುಡಿಯುತ್ತೀರಾ ಅಂತ ಕೇಳಿದೆ. ಅಜ್ಜ ಮೂಗು ಮುರಿದರು. “ಮುಂಚೆ ಕುಡೀತಿದ್ದೆವು. ಈಗ ಮ್ಯಾಲ ಎಲ್ಲಾ ಮನಿ ಆದವು, ಸಂಡಾಸ ಗುಂಡಿ ಆದವು. ಕೆಂಪ ಕಲ್ಲಿಗೇನ್ ಗೊತ್ತದ? ನೀರೂ ಕುಡೀತದ, ಹೊಲಸೂ ಕುಡೀತದ. ಎಮ್ಮಿಗಷ್ಟೇ ಈಗ.”

ಹಿಂದಿನ ಸಂಜೆ 6 ನಿಮಿಷದಲ್ಲಿ ನನಗೆ ಹೇಳಲಾಗದೆ ಹೋದದ್ದು ಇದೇ. ನೈಟ್ರೇಟ್ ಬರುವ ದಾರಿಗಳಲ್ಲಿ ದೊಡ್ಡವು ಯೂರಿಯಾ, ತಿಪ್ಪೆ ಮತ್ತು ಶೌಚದ ಗುಂಡಿ. ನೀರು ಬೇಗ ಇಳಿಯುವ ನೆಲದಲ್ಲಿ ಅವೂ ಬೇಗ ಇಳಿಯುತ್ತವೆ. ಅಜ್ಜನ ಎದುರೇ ಪುಸ್ತಕ ತೆಗೆದು ಬರೆದುಕೊಂಡೆ. ಏನು ಬರೆದೆ ಅಂತ ಕೇಳಿದರು. ನೀವು ಹೇಳಿದ್ದೇ ಅಂದೆ. ನಂಬಲಿಲ್ಲ. ಟಿಡಿಎಸ್ ಪೆನ್ ತೆಗೆದು ಎಮ್ಮೆ ಕುಡಿಯುವ ತೊಟ್ಟಿಯ ನೀರಿಗೆ ಅದ್ದಿದೆ. ನಮ್ಮ ಲಾಡ್ಜಿನ ಬೋರ್‌ವೆಲ್ ನೀರಿಗಿಂತ ಎಷ್ಟೋ ಕಮ್ಮಿ ತೋರಿಸಿತು. ಮಳೆಯಲ್ಲಿ ತೊಳೆದು ತೊಳೆದು ಉಪ್ಪೆಲ್ಲ ಹೋದ ಕಲ್ಲು ಅದು, ನೀರಿಗೆ ಸೇರಿಸಲು ಅದರಲ್ಲಿ ಜಾಸ್ತಿ ಏನೂ ಉಳಿದಿಲ್ಲ. ಆದರೆ ಆ ಪೆನ್ನಿಗೆ ನೈಟ್ರೇಟ್ ಬೇರೆ ಮಾಡಿ ತೋರಿಸಲು ಬರುವುದಿಲ್ಲ, ಹೊಲಸನ್ನಂತೂ ಇಲ್ಲವೇ ಇಲ್ಲ. ಅಂಕಿ ಕಮ್ಮಿ ಬಂತು ಅಂತ ಯಾರೂ ಕುಡಿದುಬಿಡಬೇಡಿ. ಸುರಂಗದೊಳಗೂ ಒಬ್ಬರೇ ಇಳಿಯಬೇಡಿ.

ಸಮಾರೋಪ ಮಧ್ಯಾಹ್ನ ಮುಗಿಯಿತು. ಹೆಸರು ಅಚ್ಚಾದ ಪ್ರಮಾಣಪತ್ರ ಕೈಗೆ ಬಂತು. ಹಾಜರಾತಿ ಪತ್ರ ಅಂತ ಇನ್ನೊಂದಿದೆ, ಇಂಥ ದಿನದಿಂದ ಇಂಥ ದಿನದವರೆಗೆ ಹಾಜರಿದ್ದರು ಅಂತ. ಅದನ್ನು ಕೇಳಿದರೆ ಮಾತ್ರ ಕೊಡುತ್ತಾರೆ. ಟಿ.ಎ. ಬಿಲ್ಲಿಗೆ ಬೇಕಾದದ್ದು ಅದೇ. ಬಸ್ಸಿಗೆ ಎರಡು ಗಂಟೆ ಇತ್ತು, ಚೌಬಾರಾದ ಹತ್ತಿರ ಬಿದ್ರಿ ಕೆಲಸದ ಅಂಗಡಿಗೆ ಹೋದೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ನವಸಾಗರದ ಜೊತೆ ಕೋಟೆಯ ಹಳೇ ಮಣ್ಣು ಕಲಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಬಿಸಿಲು ಮಳೆ ಬೀಳದ ಜಾಗದ ಮಣ್ಣೇ ಆಗಬೇಕಂತೆ, ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರಂತೆ. ಬಿದ್ರಿಗೆ 2006ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಮಣ್ಣಿನಲ್ಲಿ ಏನಿದೆ ಅಂತ ನಾನು ಒಂದರ ಹಿಂದೊಂದು ಕೇಳಿದ್ದಕ್ಕೆ ಕುಶಲಕರ್ಮಿ ಚಾಚಾ ನಕ್ಕು, “ಮೊದ್ಲ ಒಂದು ತಗೋರಿ, ಆಮ್ಯಾಲ ಪರೀಕ್ಷಾ ಮಾಡ್ರಿ” ಅಂದರು. 600 ರೂಪಾಯಿಗೆ ಪುಟ್ಟ ಕುಂಕುಮ ಡಬ್ಬಿ ತಗೊಂಡೆ, ಅಮ್ಮನಿಗೆ.

ಇನ್ನು ಬಿಲ್ಲಿನ ವಿಷಯ. ಮೊದಲ ಸಲ ವಾಪಸ್ ಬಂದಿದ್ದು ರಸೀತಿಯಲ್ಲಿ ತಮ್ಮನ ಹೆಸರಿದೆ ಅಂತ. ಅವನು ನನ್ನ ಪರವಾಗಿ ಕಟ್ಟಿದ್ದಾನೆ ಅಂತ ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿಕೊಟ್ಟೆ. ಒಪ್ಪಿದರು. ಎರಡನೇ ಸಲ ಬಂದಿದ್ದು ಕಲಬುರಗಿ–ಬೀದರ್ ಬಸ್ಸಿಗೆ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಎರಡು ಶೂನ್ಯ ಟಿಕೆಟ್ ಅಂಟಿಸಿ, ಮೊತ್ತದ ಕಲಮಿನಲ್ಲಿ 0 ಅಂತ ಬರೆದಿದ್ದೆ. ಪಕ್ಕದಲ್ಲಿ ಹಸಿರು ಶಾಯಿಯ ಷರಾ ಇದೆ: ‘ಸದರಿ ಟಿಕೆಟ್‌ಗಳಿಗೆ ಹಣ ಪಾವತಿಸಿದ ಬಗ್ಗೆ ಪುರಾವೆ ಲಗತ್ತಿಸುವುದು.’

ಏನು ಬರೆಯಲಿ ಅಂತ ಆ ಕಲಬುರಗಿ ಹುಡುಗಿಗೆ ಫೋನ್ ಮಾಡಿದ್ದೆ. “ಅಕ್ಕಾ, ತಮ್ಮನ ಯುಪಿಐದಾಗ ಸೊನ್ನೆ ರೂಪಾಯಿ ಹಾಕಸ್ರಿ” ಅಂದಳು.